ಎರಡು ಸೆಕೆಂಡಿನ ಧಡಕ್, ಎರಡು ತಿಂಗಳ ಓಡಾಟ

ಮೊದಲ ಸಲ ಆಗಿದ್ದು ಐದನೇ ಕ್ಲಾಸಿಗೆ ಪಾಠ ಮಾಡುತ್ತಾ, ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುವಾಗ. ಎದೆಯ ಎಡಗಡೆ ಏನೋ ಒಂದು ಗಳಿಗೆ ನಿಂತುಹೋಯಿತು. ಆಮೇಲೆ ಧಡಕ್ ಅಂತ ಒಂದು ಗುದ್ದು. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟು, ಅಲ್ಲಿ ನೆಲ ಸಿಕ್ಕಿಬಿಟ್ಟರೆ ಆಗುತ್ತಲ್ಲ, ಹಾಗೆ. ಎರಡು ಸೆಕೆಂಡು ಇರಬಹುದು. "ಮಿಸ್, ಕೆಳಗಿನ ನಂಬರ್ ಬರೀಲೇ ಇಲ್ಲ" ಅಂತ ಹುಡುಗನೊಬ್ಬ ಕೂಗಿದಾಗಲೇ ನನ್ನ ಕೈ ನಿಂತಿದ್ದು ಗೊತ್ತಾಗಿದ್ದು.

ಅದು 2025ರ ಜೂನ್. ನಮ್ಮೂರು ಹಾಸನ. ಈ ಎರಡು ವಿಷಯ ಹೇಳಿದರೆ ಉಳಿದದ್ದು ನಿಮಗೇ ಅರ್ಥವಾಗುತ್ತೆ. ಸುಮಾರು 40 ದಿನದಲ್ಲಿ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಟಿವಿಯವರು ದಿನಾ ಲೆಕ್ಕ ಏರಿಸುತ್ತಿದ್ದರು. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆಮೇಲೆ, ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ಅಂಥ ವಿಪರೀತ ಏರಿಕೆಯೇನೂ ಇಲ್ಲ ಅಂತ ವರದಿ ಕೊಟ್ಟಿತು. ಆದರೆ ಅದು ಆಮೇಲೆ. ಜೂನ್‌ನಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಎದೆ ಮೇಲೆ ಕೈಯಿಟ್ಟರೆ ಸಾಕು, ಹತ್ತು ಜನ ತಿರುಗಿ ನೋಡುತ್ತಿದ್ದರು.

ನನಗೆ 38. ಬಿಪಿ ಇಲ್ಲ, ಶುಗರ್ ಇಲ್ಲ. ಕಾಫಿ ಮಾತ್ರ ದಿನಕ್ಕೆ ಐದು. ಆ ಧಡಕ್ ಮೊದಲು ದಿನಕ್ಕೊಂದು ಸಲ ಬರುತ್ತಿತ್ತು, ಆಮೇಲೆ ನಾಲ್ಕೈದು ಸಲ. ಜೊತೆಗೆ ಇನ್ನೊಂದು ಶುರುವಾಯಿತು. ಎಡ ಎದೆಯಲ್ಲಿ ಸೂಜಿ ಚುಚ್ಚಿದ ಹಾಗೆ ಚಳಕು. ಉಸಿರು ಜೋರಾಗಿ ಎಳೆದರೆ ಜಾಸ್ತಿ. ಅರ್ಧ ನಿಮಿಷದಲ್ಲಿ ಮಾಯ.

ಅತ್ತೆಗೆ ಹೇಳಿದೆ. ಓಮದ ನೀರು ಕುದಿಸಿ ಕೊಟ್ಟರು. ಲೋಟ ಕೈಗಿಡುತ್ತಾ, "ನಂಗೂ ಮಹಡಿ ಹತ್ತಿದ್ರೆ ಎದೆ ಹಿಡ್ಕೊಂಡಂಗೆ ಆಗುತ್ತೆ ಕಣೇ. ಎರಡು ನಿಮಿಷ ಕೂತ್ರೆ ಸರಿಹೋಗುತ್ತೆ. ಎಲ್ಲಾ ಗ್ಯಾಸು" ಅಂದರು. ನಾನು ಹೂಂ ಅಂದೆ. ನನ್ನ ಎದೆಯ ಚಿಂತೆಯಲ್ಲಿ ಅವರ ಮಾತು ಕಿವಿಗೇ ಹೋಗಲಿಲ್ಲ.

ಜುಲೈ ಮೊದಲ ವಾರದ ಒಂದು ರಾತ್ರಿ. ಹನ್ನೊಂದೂವರೆಗೆ ಎಡಕ್ಕೆ ತಿರುಗಿ ಮಲಗಿದ್ದೆ. ಧಡಕ್. ಮತ್ತೆ ಧಡಕ್. ಆರು ಸಲ ಎಣಿಸಿದೆ. ಎದ್ದು ಕೂತೆ. ಕೈ ತಣ್ಣಗಾಯಿತು, ಬೆರಳು ಜುಮ್ಮೆಂದವು, ಉಸಿರು ಸಾಲದು ಅನ್ನಿಸಿತು. "ರೀ, ನನಗೇನೋ ಆಗ್ತಿದೆ" ಅಂದಿದ್ದಷ್ಟೇ ನೆನಪು. ನಮ್ಮವರು ಲೈಟ್ ಹಾಕಿ ಪಕ್ಕದ ಮನೆ ಅಂಕಲ್‌ನ ಎಬ್ಬಿಸಿದರು. ಅವರು ಹಾರ್ಟ್ ಪೇಷಂಟ್. ತಮ್ಮ ಡಬ್ಬಿಯಿಂದ ಒಂದು ಸಾರ್ಬಿಟ್ರೇಟ್ ಮಾತ್ರೆ ತೆಗೆದು ನಾಲಿಗೆ ಕೆಳಗೆ ಇಡಿಸಿದರು. ಒಳ್ಳೆ ಮನಸ್ಸಿನಿಂದಲೇ ಕೊಟ್ಟರು. ಆದರೆ ಕಾರ್ ಹತ್ತುವಾಗ ನನಗೆ ಕಣ್ಣು ಕತ್ತಲೆ ಬಂತು, ತಲೆ ಸಿಡಿಯುವಷ್ಟು ನೋವು. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ 90/60. ಆ ಮಾತ್ರೆ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುತ್ತೆ, ಬೇರೆಯವರಿಗೆ ಬರೆದುಕೊಟ್ಟಿದ್ದನ್ನು ನಾವು ಬಾಯಿಗೆ ಹಾಕಿಕೊಳ್ಳಬಾರದು ಅಂತ ಡ್ಯೂಟಿ ಡಾಕ್ಟರ್ ಸರಿಯಾಗಿ ಬೈದರು. ಆ ದಿನಗಳಲ್ಲಿ ವಾಟ್ಸಾಪಿನಲ್ಲಿ "ಈ ಮಾತ್ರೆ ಜೇಬಿನಲ್ಲಿರಲಿ" ಅನ್ನೋ ಮೆಸೇಜು ಎಷ್ಟು ಓಡಾಡುತ್ತಿತ್ತು ಅಂದರೆ, ಅಂಕಲ್‌ನ ಮಾತ್ರ ಯಾಕೆ ದೂರಲಿ.

ಹೋಗಿದ್ದು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ. ಇಸಿಜಿ ಮಾಡಿದರು. ತಣ್ಣನೆ ಜೆಲ್, ಕೈಕಾಲಿಗೆ ಕ್ಲಿಪ್ಪು, ಎದೆ ಮೇಲೆ ಆರು ಬಟ್ಟಲು. "ಅಲ್ಲಾಡಬೇಡಿ" ಅಂದರು, ಅಷ್ಟರಲ್ಲಿ ಮುಗಿದೇ ಹೋಯಿತು. ಇಸಿಜಿ ನೋಡೋದು ಹೃದಯದ ಹತ್ತು ಸೆಕೆಂಡು ಮಾತ್ರ. ಇದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಹೊತ್ತು ಬಡಿದುಕೊಂಡಿದ್ದು ಆ ಹತ್ತು ಸೆಕೆಂಡಿನಲ್ಲಿ ಒಳ್ಳೆ ಹುಡುಗಿ ಥರ ಸುಮ್ಮನಿತ್ತು. ಇಸಿಜಿ ನಾರ್ಮಲ್.

ನಾರ್ಮಲ್ ಅಂದಮೇಲೆ ಮನೆಗೆ ಕಳಿಸುತ್ತಾರೆ ಅಂದುಕೊಂಡೆ. ಕಳಿಸಲಿಲ್ಲ. ಟ್ರೋಪೋನಿನ್ ಅಂತ ಒಂದು ರಕ್ತಪರೀಕ್ಷೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದ್ದರೆ ಅದು ರಕ್ತದಲ್ಲಿ ಏರುತ್ತೆ, ಆದರೆ ಏರೋಕೆ ಕೆಲವು ಗಂಟೆ ಬೇಕು. ಹಾಗಾಗಿ ಮೊದಲನೆಯದು ಸರಿ ಇದ್ದರೂ ಎರಡನೇ ಸಲ ರಕ್ತ ತೆಗೆಯುತ್ತಾರೆ. ನನಗೆ ರಾತ್ರಿ ಒಂದಕ್ಕೆ ಒಂದು ಸಲ, ಬೆಳಿಗ್ಗೆ ಆರಕ್ಕೆ ಇನ್ನೊಂದು ಸಲ. ಎರಡೂ ಸರಿ ಇದ್ದವು. ನಿಮಗೂ ಹೀಗೆ ಕಾಯಿಸಿದರೆ ಜಗಳಕ್ಕೆ ಹೋಗಬೇಡಿ. ಒಂದು ಇಸಿಜಿ ಸರಿ ಇದೆ ಅಂತ ಎದ್ದು ಹೋಗೋದೇ ತಪ್ಪು.

ನನ್ನ ತಕರಾರು ಬೇರೆ. ಆ ಐದು ಗಂಟೆ ಕಾಯೋಕೆ ನನ್ನನ್ನು ಐಸಿಯುಗೆ ಹಾಕಿದರು. ಮಾರನೇ ದಿನ ಸಂಜೆವರೆಗೂ ಬಿಡಲಿಲ್ಲ. ಬಿಲ್ಲು 21,640 ರೂಪಾಯಿ. ಡಿಸ್ಚಾರ್ಜ್ ಕಾಗದದಲ್ಲಿ "ಎದೆನೋವು, ಪರಿಶೀಲನೆಗಾಗಿ" ಅಂತ ಒಂದು ಸಾಲು. ಚಿಕಿತ್ಸೆ ಅನ್ನೋ ಜಾಗದಲ್ಲಿ ಒಂದು ಗ್ಯಾಸ್ಟ್ರಿಕ್ ಮಾತ್ರೆ. ಎದೆ ಯಾಕೆ ಹಾಗೆ ಬಡಿಯಿತು ಅಂತ ಕೇಳಿದರೆ, "ಟೆನ್ಷನ್ ಮಾಡ್ಕೋಬೇಡಿ ಮೇಡಂ" ಅಂದರು.

ಆ ಒಂದು ಸಾಲು ಎಷ್ಟು ದುಬಾರಿ ಅಂತ ಮೂರು ವಾರದ ಮೇಲೆ ಗೊತ್ತಾಯಿತು. ನಮ್ಮವರ ಕಂಪನಿಯ ಇನ್ಶೂರೆನ್ಸಿಗೆ ಎಲ್ಲ ಕಾಗದ ಕಳಿಸಿದ್ದೆವು: ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳ ಒರಿಜಿನಲ್, ದುಡ್ಡು ಕಟ್ಟಿದ ರಸೀದಿ, ರಿಪೋರ್ಟುಗಳು, ಕ್ಯಾನ್ಸಲ್ ಮಾಡಿದ ಚೆಕ್ಕು, ಆಧಾರ್. ಮೊದಲು ಬಂದ ಉತ್ತರ, ಇಸಿಜಿ ಕಾಗದ ಇಲ್ಲ. ಅದು ಆಸ್ಪತ್ರೆಯ ಫೈಲಿನಲ್ಲೇ ಉಳಿದಿತ್ತು, ಎರಡು ಸಲ ಹೋಗಿ ಬಂದು ತಂದೆವು. ಆಮೇಲೆ ಬಂದಿದ್ದು, ತಪಾಸಣೆ ಮತ್ತು ಪರಿಶೀಲನೆಗೆ ಮಾತ್ರ ದಾಖಲಾಗಿದ್ದರೆ ಹಣ ಕೊಡೋಕೆ ಬರೋದಿಲ್ಲ ಅಂತ. ಪಾಲಿಸಿಯಲ್ಲಿ ನಿಜವಾಗಲೂ ಹಾಗೆ ಬರೆದಿದೆ. ಓದಿರಲಿಲ್ಲ ಅಷ್ಟೇ. ಅಡ್ಮಿಟ್ ಮಾಡುತ್ತೇವೆ ಅಂದಾಗ ಯಾಕೆ ಮಾಡಬೇಕು, ಏನು ಕಾರಣ ಬರೆಯುತ್ತೀರಿ ಅಂತ ಕೇಳಿ. ಮನೆಗೆ ಹೋಗುವ ಮುಂಚೆ ಇಸಿಜಿ ಕಾಗದ ಇಸ್ಕೊಂಡು ಫೋನಿನಲ್ಲಿ ಫೋಟೊ ತೆಗೆದಿಡಿ. ಅದರ ಬರಹ ದಿನ ಕಳೆದಂತೆ ಮಾಸಿಹೋಗುತ್ತೆ. ಮುಂದೆ ಯಾವತ್ತಾದರೂ ಎದೆನೋವು ಬಂದರೆ ಹೋಲಿಸಿ ನೋಡೋಕೆ ಡಾಕ್ಟರಿಗೆ ಬೇಕಾಗೋದು ಈ ಹಳೇ ಇಸಿಜಿಯೇ.

ಆಸ್ಪತ್ರೆಯಿಂದ ಬಂದ ಮೇಲೆ ಧಡಕ್ ಜಾಸ್ತಿಯಾಯಿತು. ಅಥವಾ ನಾನು ಕಾಯ್ದು ಕೂತಿದ್ದಕ್ಕೆ ಜಾಸ್ತಿ ಗೊತ್ತಾಗುತ್ತಿತ್ತೋ ಏನೋ. ರಾತ್ರಿ ಕತ್ತಿನ ನಾಡಿ ಹಿಡಿದೇ ಮಲಗುತ್ತಿದ್ದೆ. ಮಗಳು ಒಂದು ದಿನ ಅವಳಪ್ಪನ ಹತ್ತಿರ, "ಅಮ್ಮ ಯಾಕೆ ಯಾವಾಗ್ಲೂ ಕತ್ತು ಹಿಡ್ಕೊಂಡಿರ್ತಾಳೆ" ಅಂತ ಕೇಳಿದಳಂತೆ. ನಮ್ಮವರು ಮೈಸೂರಿನ ಜಯದೇವಕ್ಕೆ ಹೋಗೋಣ ಅಂತ ಹೊರಟರು. ಟಿವಿಯಲ್ಲಿ ಆ ಜನಸಾಗರ ನೋಡಿದ್ದೆನಲ್ಲ, ನಾನೇ ಬೇಡ ಅಂದೆ. ಅಲ್ಲಿ ನಿಜವಾಗಲೂ ಎದೆ ಒತ್ತಿಕೊಂಡು ಬಂದವರು ಇರುತ್ತಾರೆ. ನಮ್ಮ ಹೆಡ್‌ಮಿಸ್ ಹೇಳಿದ ಒಬ್ಬ ವಯಸ್ಸಾದ ಫಿಸಿಷಿಯನ್ ಹತ್ತಿರ ಹೋದೆವು. ಫೀಸು 500. ಎರಡೂವರೆ ಗಂಟೆ ಕಾದೆವು. ಆದರೆ ಒಳಗೆ ಕೂರಿಸಿಕೊಂಡು ಇಪ್ಪತ್ತು ನಿಮಿಷ ಮಾತಾಡಿಸಿದರು.

ಅವರು ಕೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ನೀವೂ ಹೋಗುವ ಮುಂಚೆ ಉತ್ತರ ಯೋಚಿಸಿಕೊಂಡು ಹೋದರೆ ಒಳ್ಳೇದು. ಎಷ್ಟು ಹೊತ್ತು ಇರುತ್ತೆ? ಒಂದು ಬೆರಳಲ್ಲಿ ತೋರಿಸೋಕೆ ಆಗುತ್ತಾ, ಇಲ್ಲ ಇಡೀ ಅಂಗೈ ಇಟ್ಟು ತೋರಿಸಬೇಕಾ? ಸುಮ್ನೆ ಕೂತಾಗ ಬರುತ್ತಾ, ನಡೆದಾಗ ಬರುತ್ತಾ? ಜೋರಾಗಿ ನಡೆದರೆ ಜಾಸ್ತಿಯಾಗುತ್ತಾ, ಹೋಗುತ್ತಾ? ಬೆವರು, ವಾಕರಿಕೆ, ಉಸಿರುಕಟ್ಟುವುದು ಇದೆಯಾ? ದವಡೆಗೆ, ಬೆನ್ನಿಗೆ, ಕೈಗೆ ಹರಿಯುತ್ತಾ? ಯಾವತ್ತಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದೀರಾ? ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಹೋಗಿದ್ದಾರಾ? ಕೊನೆಯ ಎರಡು ಪ್ರಶ್ನೆಗೆ ಹೌದು ಅಂದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ ಅವತ್ತೇ ಹಾರ್ಟ್ ಡಾಕ್ಟರ್ ಹತ್ತಿರ ಕಳಿಸುತ್ತಿದ್ದೆ ಅಂದರು.

ಆಮೇಲೆ ಎದೆಮೂಳೆಯ ಎಡ ಅಂಚಿನಲ್ಲಿ ಹೆಬ್ಬೆರಳಿಟ್ಟು ಒತ್ತಿದರು. "ಅಮ್ಮಾ!" ಅಂತ ಕೂಗಿಬಿಟ್ಟೆ. "ಇದೇ ತಾನೇ ನಿಮ್ಮ ಸೂಜಿ?" ಅದೇ. ಪಕ್ಕೆಲುಬು ಎದೆಮೂಳೆಗೆ ಸೇರುವ ಜಾಗದ ಮೃದುಮೂಳೆ ಊದಿಕೊಂಡಿತ್ತು. ಆ ತಿಂಗಳು ಪಠ್ಯಪುಸ್ತಕದ ಕಟ್ಟುಗಳನ್ನು ಎತ್ತಿ ಇಳಿಸಿದ್ದು ನೆನಪಾಯಿತು. ಒತ್ತಿದರೆ ಅದೇ ನೋವು ಬರೋದು, ಒಂದೇ ಚುಕ್ಕೆಯಲ್ಲಿ ಇರೋದು, ಉಸಿರೆಳೆದರೆ ಚುಚ್ಚೋದು, ಇಂಥವು ಹೆಚ್ಚಾಗಿ ಎದೆಗೂಡಿನವು, ಹೃದಯದವಲ್ಲ. ಆದರೆ ಅಷ್ಟನ್ನೇ ನಂಬಿ ಮನೆಯಲ್ಲಿ ನೀವೇ ಒತ್ತಿ ನೋಡಿಕೊಂಡು ತೀರ್ಮಾನ ಮಾಡಬೇಡಿ ಅಂತಲೂ ಹೇಳಿದರು.

ಧಡಕ್‌ನ ವಿಷಯಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಮುಟ್ಟು ಜಾಸ್ತಿ ಹೋಗುತ್ತಾ?" ಅಂತ ಕೇಳಿದರು. ಹೌದು, ಎರಡು ವರ್ಷದಿಂದ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸೋದು), ಥೈರಾಯ್ಡ್, ಪೊಟ್ಯಾಸಿಯಂ ಬರೆದುಕೊಟ್ಟರು. ಎಕೊ, ಟಿಎಂಟಿ, ಕೊನೆಗೆ ಹೋಲ್ಟರ್.

ಎಕೊ ಅಂದರೆ ಹೃದಯದ ಸ್ಕ್ಯಾನಿಂಗು. ನೋವಿಲ್ಲ, ನಾಚಿಕೆ ಮಾತ್ರ. ಹೆಂಗಸರೇ ಮಾಡುವ ಕಡೆ ಬೇಕು ಅಂತ ಮೊದಲೇ ಕೇಳಿಕೊಳ್ಳಬಹುದು, ನಾನು ಕೇಳಿದೆ. ಟಿಎಂಟಿಗೆ ಮಾತ್ರ ಸೀರೆ ಉಟ್ಟುಕೊಂಡು ಹೋಗಿ ಬೈಸಿಕೊಂಡೆ. ಓಡುವ ಪಟ್ಟಿ ಮೇಲೆ ನಡೆಸುತ್ತಾರೆ, ಮೂರು ನಿಮಿಷಕ್ಕೊಮ್ಮೆ ವೇಗವೂ ಏರುತ್ತೆ, ಏರುದಾರಿಯೂ ಆಗುತ್ತೆ. 220ರಲ್ಲಿ ವಯಸ್ಸು ಕಳೆದು, ಅದರ ಶೇಕಡಾ 85 ಭಾಗದವರೆಗೆ ಬಡಿತ ಏರಿಸಬೇಕು. ನನಗೆ 155. ಚೂಡಿದಾರ್, ಶೂ ಹಾಕಿಕೊಂಡು, ತಿಂಡಿ ತಿಂದು ಎರಡು ಮೂರು ಗಂಟೆ ಆದಮೇಲೆ ಹೋಗಿ. ಒಂದು ವಿಚಿತ್ರ ಅಂದರೆ ಬಡಿತ 130 ದಾಟಿದ ಮೇಲೆ ಧಡಕ್ ಒಂದೂ ಬರಲಿಲ್ಲ. ದಣಿದಾಗ ಹೋಗಿಬಿಡೋದು ಒಳ್ಳೇ ಲಕ್ಷಣವಂತೆ. ದಣಿದಾಗಲೇ ಜಾಸ್ತಿಯಾದರೆ ಯೋಚಿಸಬೇಕಂತೆ.

ಹೋಲ್ಟರ್ ಅಂದರೆ ಒಂದಿಡೀ ದಿನದ ಬಡಿತ ದಾಖಲಿಸುವ ಮಷೀನು. ಅದಕ್ಕೆ ಒಂಬತ್ತು ದಿನ ಕಾದೆ. ಆ ಲ್ಯಾಬಿನಲ್ಲಿದ್ದದ್ದು ಎರಡೇ ಮಷೀನು, ಊರೆಲ್ಲಾ ಹೆದರಿ ಕೂತಿತ್ತು. 2,800 ರೂಪಾಯಿ ಚಾರ್ಜು, ಜೊತೆಗೆ 5,000 ಅಡ್ವಾನ್ಸು, ಆಧಾರ್ ಜೆರಾಕ್ಸು. ಎದೆಗೆ ಅಂಟಿನ ಬಿಲ್ಲೆಗಳನ್ನು ಹಚ್ಚಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಡಬ್ಬಿಯನ್ನು ಸೊಂಟಕ್ಕೆ ಕಟ್ಟಿ ಕಳಿಸಿದರು. 24 ಗಂಟೆ ಸ್ನಾನ ಇಲ್ಲ. ಅದಕ್ಕೇ ಸ್ನಾನ ಮಾಡಿಕೊಂಡು, ಎದೆಗೆ ಪೌಡರ್ ಎಣ್ಣೆ ಏನೂ ಹಚ್ಚದೆ ಹೋಗಿ, ಇಲ್ಲದಿದ್ದರೆ ಬಿಲ್ಲೆ ಕಿತ್ತುಬರುತ್ತೆ. ಆರಾಮ ತಗೊಳ್ಳಲಾ ಅಂತ ಕೇಳಿದ್ದಕ್ಕೆ, "ಆರಾಮ ತಗೊಂಡ್ರೆ ಮಷೀನ್ ಏನು ನೋಡುತ್ತೆ? ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ" ಅಂದ ಲ್ಯಾಬಿನ ಹುಡುಗ. ಜೊತೆಗೊಂದು ಹಾಳೆ ಕೊಟ್ಟ. ಎದೆಯಲ್ಲಿ ಏನಾದರೂ ಆದರೆ ಗಂಟೆ, ನಿಮಿಷ, ಆಗ ಏನು ಮಾಡುತ್ತಿದ್ದೆ ಅಂತ ಬರೆಯಬೇಕು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ:

12.10, ಏಳರ ಮಗ್ಗಿ ಕೇಳುವಾಗ, ಒಂದು.
3.35, ಕಾಫಿ ಆದಮೇಲೆ, ಎರಡು.
6.20, ಮಗಳ ಹೋಂವರ್ಕ್, ಕೂಗಾಡಿದೆ, ಒಂದು.
9.50, ಎಡಕ್ಕೆ ಮಲಗಿದೆ, ಒಂದು.
10.15, ಎರಡು, ಸಣ್ಣವು.

ರಿಪೋರ್ಟಿಗೆ ಮತ್ತೆ ಎರಡು ದಿನ. 24 ಗಂಟೆಯಲ್ಲಿ ಹೃದಯ 1,08,412 ಸಲ ಬಡಿದಿತ್ತು. ಅದರಲ್ಲಿ 1,312 ಬಡಿತ ಲಯ ತಪ್ಪಿದವು. ಆ ಅಂಕಿ ನೋಡಿ ನನ್ನ ಕಾಲು ನಡುಗಿತು. ಡಾಕ್ಟರ್ ಪೆನ್ನಿನಲ್ಲಿ ನನ್ನ ಹಾಳೆಗೂ ರಿಪೋರ್ಟಿಗೂ ಗೆರೆ ಎಳೆಯುತ್ತಾ ಕೂತರು. "ನೋಡಿ, ನೀವು ಬರೆದ ಏಳರಲ್ಲಿ ಐದು ಸರಿಯಾಗಿ ಹೊಂದುತ್ತೆ. ಈ ಹತ್ತೂ ಹದಿನೈದರದ್ದು ಎರಡೂ ನಾರ್ಮಲ್ ಬಡಿತ, ನಿಮ್ಮ ಭಯ ಅದು. 1,312ರಲ್ಲಿ ನಿಮಗೆ ಗೊತ್ತಾಗಿದ್ದು ಐದೇ ಐದು. ಉಳಿದದ್ದು ಗೊತ್ತೇ ಆಗದೆ ಹೋಯ್ತಲ್ಲ?"

ಎಕ್ಟೋಪಿಕ್ ಬಡಿತ ಅಂತಾರೆ ಇದಕ್ಕೆ. ಒಂದು ಬಡಿತ ತನ್ನ ಸರದಿಗೆ ಮುಂಚೆಯೇ ಬಂದುಬಿಡುತ್ತೆ. ಆಮೇಲೆ ಸಣ್ಣ ಬಿಡುವು, ಅಷ್ಟರಲ್ಲಿ ಹೃದಯದಲ್ಲಿ ರಕ್ತ ಜಾಸ್ತಿ ತುಂಬುತ್ತೆ, ಮುಂದಿನ ಬಡಿತ ಜೋರಾಗಿ ಹೊಡೆಯುತ್ತೆ. ನಿಂತ ಹಾಗಾಗೋದು ಆ ಬಿಡುವು, ಧಡಕ್ ಅನ್ನೋದು ಆ ಜೋರು ಬಡಿತ. ನನ್ನದು ಒಟ್ಟು ಬಡಿತದಲ್ಲಿ ಶೇಕಡಾ 1.2. ಎಕೊದಲ್ಲಿ ಹೃದಯ ಗಟ್ಟಿಯಾಗಿದೆ, ಟಿಎಂಟಿ ಸರಿಯಿದೆ, ಹಾಗಾಗಿ ಇದಕ್ಕೆ ಮಾತ್ರೆಯೂ ಬೇಡ. ಶೇಕಡಾ ಹತ್ತು, ಅದಕ್ಕಿಂತ ಜಾಸ್ತಿ ಇದ್ದಿದ್ದರೆ, ಒಂದರ ಹಿಂದೆ ಒಂದು ಸಾಲಾಗಿ ಓಡಿದ್ದರೆ, ತಲೆಸುತ್ತಿ ಬಿದ್ದಿದ್ದರೆ ಕಥೆ ಬೇರೆ.

ಬೇಕಾಗಿದ್ದ ಚಿಕಿತ್ಸೆ ಬೇರೆಯದಕ್ಕೆ. ಹಿಮೋಗ್ಲೋಬಿನ್ 9.1. ಹೆಂಗಸರಿಗೆ 12 ಇರಬೇಕು. ಫೆರಿಟಿನ್ 6, ಅದೂ ಕಡಿಮೆಯೇ. ರಕ್ತ ಕಡಿಮೆಯಿದ್ದರೆ ಹೃದಯ ಜಾಸ್ತಿ ದುಡಿಯುತ್ತೆ, ಹೀಗೆಲ್ಲ ಬಡಿದುಕೊಳ್ಳುತ್ತೆ. ಕಬ್ಬಿಣದ ಮಾತ್ರೆ ಮೂರು ತಿಂಗಳು, ಕಾಫಿ ಎರಡಕ್ಕೆ ಇಳಿಸಬೇಕು, ಅದೂ ಮಾತ್ರೆಯ ಹತ್ತಿರ ಕುಡಿಯೋ ಹಾಗಿಲ್ಲ, ಹೆಂಗಸರ ಡಾಕ್ಟರನ್ನೂ ನೋಡಬೇಕು. ಮಾತ್ರೆ ತಗೊಂಡರೆ ಮಲ ಕಪ್ಪಗಾಗುತ್ತೆ. ಯಾರೂ ಮೊದಲೇ ಹೇಳದೆ ನಾನು ಇನ್ನೊಂದು ರಾತ್ರಿ ನಿದ್ದೆಗೆಟ್ಟೆ, ಅದಕ್ಕೇ ಹೇಳಿದೆ. ಈ ಸುತ್ತಿನ ಖರ್ಚು ಫೀಸು, ರಕ್ತಪರೀಕ್ಷೆ ಎಲ್ಲ ಸೇರಿ 7,950. ಐಸಿಯುವಿನ ಆ ಒಂದು ದಿನದ ಅರ್ಧವೂ ಅಲ್ಲ.

ಏಳುವ ಮುಂಚೆ ಕೇಳಿದೆ, ಹಾಗಾದರೆ ಯಾವುದಕ್ಕೆ ಓಡಿ ಬರಬೇಕು ಸಾರ್? ಎದೆ ಮೇಲೆ ಭಾರ ಇಟ್ಟ ಹಾಗೆ, ಹಿಂಡಿದ ಹಾಗೆ ಆಗಿ ಹತ್ತು ಹದಿನೈದು ನಿಮಿಷವಾದರೂ ಬಿಡದಿದ್ದರೆ, ಅಥವಾ ಬೆವರು, ಉಸಿರುಕಟ್ಟು, ದವಡೆ ಕೈ ನೋವು ಜೊತೆಗಿದ್ದರೆ ಯೋಚನೆ ಮಾಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ ಅಂದರು. ತಾಲ್ಲೂಕು ಆಸ್ಪತ್ರೆಯಾದರೂ ಸರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲೇ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಇನ್ನೊಂದು ಮಾತು ಹೇಳಿದರು. "ಎಲ್ಲರೂ ಎಷ್ಟು ಹೊತ್ತು ಅಂತ ಮಾತ್ರ ನೋಡ್ತಾರೆ. ಸ್ವಲ್ಪ ಹೊತ್ತಿದ್ದು ಹೋಯ್ತು, ಏನಿಲ್ಲ ಅಂತಾರೆ. ನಡೆದಾಗ ಬಂದು, ಕೂತ್ರೆ ಎರಡು ನಿಮಿಷದಲ್ಲಿ ಹೋಗೋದಿದೆಯಲ್ಲಮ್ಮ, ನನಗೆ ಅದರದ್ದೇ ಹೆದರಿಕೆ. ಶುಗರ್ ಇರೋರಿಗೆ ಅದು ನೋವಿನ ಥರಾನೂ ಇರಲ್ಲ, ಗ್ಯಾಸ್ ಅಂದ್ಕೊಂಡಿರ್ತಾರೆ."

ಮನೆಗೆ ಬಂದಾಗ ಅತ್ತೆ ಮಹಡಿ ಮೆಟ್ಟಿಲ ಮೇಲೆ ಕೂತಿದ್ದರು. ತೊಡೆ ಮೇಲೆ ಸಂಡಿಗೆಯ ಮೊರ. ಒಂಬತ್ತನೇ ಮೆಟ್ಟಿಲು. ಮೇಲೆ ಇನ್ನೂ ಏಳು ಬಾಕಿ. "ಯಾಕತ್ತೆ ಇಲ್ಲಿ ಕೂತ್ರಿ?" ಅಂದೆ. "ಸುಮ್ನೆ. ಒಂದು ಗಳಿಗೆ" ಅಂದರು. ಹಣೆ ಮೇಲೆ ಬೆವರಿತ್ತು. ಆಗಸ್ಟ್ ತಿಂಗಳು, ಹಾಸನ, ಹೊರಗೆ ತಣ್ಣನೆ ಗಾಳಿ. ವಯಸ್ಸು 66, ಶುಗರ್ ಬಂದು 14 ವರ್ಷ. ಓಮದ ನೀರಿನ ಲೋಟ ಹಿಡಿದು ಅವರು ಹೇಳಿದ ಮಾತು ನನಗೆ ಆಗ ಕೇಳಿಸಿತು.

ಮಾರನೇ ದಿನವೇ ಅದೇ ಡಾಕ್ಟರ್. ಮೆಟ್ಟಿಲ ಕಥೆ ಪೂರ್ತಿ ಕೇಳಿ, ಟಿಎಂಟಿ ಎಲ್ಲ ಬೇಡ, ನೇರ ಹಾರ್ಟ್ ಡಾಕ್ಟರ್ ಹತ್ತಿರ ಹೋಗಿ ಅಂತ ಚೀಟಿ ಬರೆದರು. ನಾಲ್ಕನೇ ದಿನ ಮೈಸೂರಿನಲ್ಲಿ ಆಂಜಿಯೋಗ್ರಾಂ. ಮುಖ್ಯ ರಕ್ತನಾಳದಲ್ಲಿ ಶೇಕಡಾ 90 ಅಡ್ಡಿ. ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಒಂದು ಸ್ಟೆಂಟ್ ಹಾಕಿದರು. ಸ್ಟೆಂಟಿನ ಬೆಲೆಗೆ ಸರ್ಕಾರ 2017ರಿಂದ ಮಿತಿ ಹಾಕಿದೆ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸಬೇಕು, ನೋಡಿಕೊಳ್ಳಿ. ನನ್ನ 21,640 ಕೊಡದ ಅದೇ ಇನ್ಶೂರೆನ್ಸು ಇದಕ್ಕೆ ಒಂದೂ ಪ್ರಶ್ನೆ ಕೇಳದೆ ಕ್ಯಾಶ್‌ಲೆಸ್ ಒಪ್ಪಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ನಮ್ಮವರು ರೇಗಿದರು. ಹೇಳಿದ್ದರು. ನನಗೇ ಹೇಳಿದ್ದರು. ಆ ಮಾತನ್ನು ನಾನು ನಮ್ಮವರಿಗೆ ಇನ್ನೂ ಹೇಳಿಲ್ಲ.

ಮೊನ್ನೆ ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಅತ್ತೆ ಮತ್ತೆ ಮಹಡಿ ಹತ್ತಿದರು. ಮೊರ ನಾನು ಹಿಡಿದಿದ್ದೆ. ಹಿಂದೆ ಹಿಂದೆ ಮೆಟ್ಟಿಲು ಎಣಿಸುತ್ತಾ ಹೋದೆ. ಒಂಬತ್ತನೆಯದರಲ್ಲಿ ನಿಂತರು. ನನ್ನ ಎದೆ ಧಡಕ್ ಅಂತು, ನಿಜವಾಗಲೂ. ಅವರು ತಿರುಗಿ ಕೆಳಗೆ ನೋಡಿ, "ನಿಂದು ಹೆಂಗಿದೆಯೇ ಈಗ?" ಅಂದು, ಉತ್ತರಕ್ಕೆ ಕಾಯದೆ ಹತ್ತನೇ ಮೆಟ್ಟಿಲಿಗೆ ಕಾಲಿಟ್ಟರು.